ಬಿಸಿನೀರು ಒಲ್ಲದ ಇಂಜಿನ್ನು

ನಾವು ಆ ಇಂಜಿನ್ನಿನೊಳಗಿಂದ ಮೊದಲು ಹೊರತೆಗೆದದ್ದು ಒಂದು ಬೆಕ್ಕಿನ ಎಲುಬಿನ ಗೂಡು. ಮುಂದಿನ ದುಂಡು ಬಾಗಿಲು ತುಕ್ಕು ಹಿಡಿದು ಮೈಗೇ ಬೆಸೆದುಕೊಂಡಿತ್ತು. ಸೀಮೆಎಣ್ಣೆ ಸುರಿದು, ನೆನೆಯಲು ಬಿಟ್ಟು, ಮತ್ತೆ ಸುರಿದು, ಕೊನೆಗೆ ಹಾರೆ ಕೊಟ್ಟು ಮೀಟಿದಾಗ ಅದು ನರಳುತ್ತ ತೆರೆಯಿತು. ಒಳಗೆ ಮೊಣಕಾಲೆತ್ತರ ಮಸಿ, ಪಾರಿವಾಳದ ಹಿಕ್ಕೆ, ಅದರ ಮೇಲೆ ನಿದ್ದೆ ಹೋದಂತೆ ಸುತ್ತಿಕೊಂಡು ಬಿದ್ದ ಆ ಬೆಕ್ಕು.

“ಮೊದಲ್ನೇ ಪ್ಯಾಸೆಂಜರ್ ಈಗ ಇಳದ್ಳು ನೋಡ್ರಿ,” ಎಂದ ಮಿಸ್ತ್ರಿ. “ಟಿಕೆಟ್ ಕೇಳ್ರಿ ಚಾಚಾ.”

ಚಾಚಾ ನಗಲಿಲ್ಲ. “ಗಾಡಿಯಾಗ ಸತ್ತದ ಅದು. ಮಣ್ಣು ಮಾಡು ಮೊದ್ಲ, ಆಮ್ಯಾಲ ನಗು,” ಎಂದರು.

ಇದು ರಾಯಚೂರಿನ ಒಂದು ಸಣ್ಣ ವಸ್ತುಸಂಗ್ರಹಾಲಯದ ಹಿತ್ತಲಿನ ಮಾತು. ಒಂದು ಕಾಲಕ್ಕೆ ಸ್ಟೇಷನ್ನಿನಲ್ಲಿ ವ್ಯಾಗನ್ನುಗಳನ್ನು ಹಿಂದೆ ಮುಂದೆ ತಳ್ಳಿ ಜೋಡಿಸುತ್ತಿದ್ದ ಗಿಡ್ಡ ಉಗಿ ಇಂಜಿನ್ನೊಂದು ಅಲ್ಲಿ ಗೇಟಿನತನಕ ಹಾಸಿದ ತುಂಡು ಹಳಿಯ ಮೇಲೆ ಬಿಸಿಲಿಗೆ ಬಿದ್ದಿತ್ತು. ಅದರ ಹಿತ್ತಾಳೆಯನ್ನೆಲ್ಲ ಕಳ್ಳರು ಎಂದೋ ಬಿಚ್ಚಿಕೊಂಡು ಹೋಗಿದ್ದರು. ಮಾನ್ವಿಯ ಅಕ್ಕಿ ಗಿರಣಿ ಸಾವ್ಕಾರರೊಬ್ಬರು ಸಂಗ್ರಹಾಲಯದ ಸಮಿತಿಗೆ ಅಧ್ಯಕ್ಷರಾದರು. ಅವರಿಗೆ ಹಣೆತುಂಬ ವಿಭೂತಿ, ಬಾಯಿತುಂಬ ಮಾತು. “ಸತ್ತ ಇಂಜಿನ್ನು ನೋಡಾಕ ಯಾರ್ ಬರ್ತಾರ್ರಿ? ಉಗಿ ಮ್ಯಾಲ ಓಡ್ಸೂಣು ಇದನ್ನ,” ಎಂದು ಊರೆಲ್ಲ ಸಾರಿದರು. ಹಾಗೆ ಕೂಡಿಸಿದ ಸ್ವಯಂಸೇವಕರು ನಾವು. ಕೂಲಿ ಇಲ್ಲ, ಬೆಳಿಗ್ಗೆ ವಗ್ಗರಣಿ-ಮಿರ್ಚಿ ಮಾತ್ರ ತಪ್ಪುತ್ತಿರಲಿಲ್ಲ.

ನಾನು ಬಾಗಲವಾಡದಲ್ಲಿ ಹುಟ್ಟಿ, ಶಕ್ತಿನಗರದ ವಿದ್ಯುತ್ ಸ್ಥಾವರದ ಬಾಯ್ಲರುಗಳ ಮುಂದೆ ದುಡಿದು ನಿವೃತ್ತನಾದವನು; ಅದಕ್ಕೇ ಎಲ್ಲರ ಬಾಯಲ್ಲಿ ‘ಥರ್ಮಲ್ ಸಾಬ್’. ಮಿಸ್ತ್ರಿ ಸಾವ್ಕಾರರ ಗಿರಣಿಯಲ್ಲಿ ಭತ್ತ ಕುದಿಸುವ ಬಾಯ್ಲರು ನೋಡಿಕೊಳ್ಳುವವನು. ದೇವದುರ್ಗದ ಕಡೆಯ ಜಾಲಹಳ್ಳಿಯವನು, ನಾಲಿಗೆ ಹರಿತ, ಕೈ ಇನ್ನೂ ಹರಿತ. ಮೂರನೆಯವರು ಚಾಚಾ.

ಚಾಚಾನನ್ನು ಓಣಿಯವರೆಲ್ಲ ‘ಡ್ರೈವರ್ ಸಾಬ್’ ಎನ್ನುತ್ತಿದ್ದರು. ಅದರಲ್ಲಿ ಅರ್ಧ ಮರ್ಯಾದೆ, ಅರ್ಧ ಚೇಷ್ಟೆ. ಹರೆಯದಲ್ಲಿ ಇದೇ ಇಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಎಸೆಯುವ ಫೈರ್‌ಮನ್ ಆಗಿದ್ದವರು. ಪರೀಕ್ಷೆ ಕಟ್ಟಿ, ಉಗಿ ಇಂಜಿನ್ನಿನ ಡ್ರೈವರ್ ಆಗಲು ಪಾಸಾದರು. ಆದರೆ ಸರದಿ ಬರುವ ಹೊತ್ತಿಗೆ ಉಗಿಯ ಕಾಲವೇ ಮುಗಿಯಿತು. ಉಳಿದ ನೌಕರಿಯನ್ನೆಲ್ಲ ಡೀಸೆಲ್ ಗಾಡಿಗಳಲ್ಲಿ ಸಹಾಯಕನಾಗಿ ಎಡಗಡೆಯ ಸೀಟಿನಲ್ಲಿ ಕುಳಿತು ಕಳೆದರು. ಉಗಿಯನ್ನು ಗಾಲಿಗಳ ಕಡೆ ಬಿಡುವ ಹಿಡಿಕೆಗೆ ರೆಗ್ಯುಲೇಟರ್ ಎನ್ನುತ್ತಾರೆ. ಅದನ್ನು ಎಳೆಯುವುದು ಡ್ರೈವರನ ಕೈ ಮಾತ್ರ. ಆ ಹಿಡಿಕೆ ಒಂದು ಸಲವೂ ಚಾಚಾನ ಪಾಲಿಗೆ ಬರಲಿಲ್ಲ.

“ನನ್ನ ಕೈಲೆ ಒಂದ್ ಸಲ ಸರಿದ್ರ ಸಾಕು, ಬಾಬಾ,” ಎಂದು ನನ್ನೊಡನೆ ಹೇಳಿದ್ದರು. “ಆ ಗೇಟಿನ ತನಕ. ಅಷ್ಟ.”

ಮಿಸ್ತ್ರಿ ಅದಕ್ಕೂ ಬಿಡುತ್ತಿರಲಿಲ್ಲ. “ಹಲ್ಲಿದ್ದಾಗ ಕಡ್ಲಿ ಇಲ್ಲ, ಕಡ್ಲಿ ಇದ್ದಾಗ ಹಲ್ಲಿಲ್ಲ. ಮದಿವಿ ಆಗಲಾರದ ಗಂಡಸು ಮೊಮ್ಮಕ್ಕಳ ಹೆಸರು ಹುಡುಕಿದಂಗಾತು ಚಾಚಾ ನಿಂದು.”

“ನಕ್ಕು ಬಿಡು ಬೇ. ನಿನ್ ಬಾಯ್ಲರ್ ಕುಂತಲ್ಲೇ ಕುಂತಿರ್ತದ, ಹೆಳವನಂಗ. ನನ್ದು ನಡೀತದ.”

ಸಾವ್ಕಾರರು ಮಾತು ಕೊಟ್ಟರು: “ಮೊದಲ್ನೇ ಕೈ ನಿಮ್ದ, ಚಾಚಾ.”

ಕೆಲಸ ಮನುಷ್ಯರನ್ನು ತಿನ್ನುವಂಥದು. ಬಾಯ್ಲರಿನ ಉದ್ದಕ್ಕೂ ಬಿಸಿಹೊಗೆ ಹಾಯುವ ಕೊಳವೆಗಳಿರುತ್ತವೆ. ಅವುಗಳ ಮೇಲೆ ಹಳೆಯ ಗಡಸು ನೀರಿನ ಸುಣ್ಣ ಕಲ್ಲಾಗಿ ಕೂತಿತ್ತು. ಒಂದೊಂದನ್ನೂ ಎರಡು ತುದಿಗಳಲ್ಲಿ ಕತ್ತರಿಸಿ ಎಳೆದೆವು. ಒಬ್ಬ ಫೈರ್‌ಬಾಕ್ಸಿನೊಳಗೆ, ಅಂದರೆ ಬೆಂಕಿ ಉರಿಯುವ ಗೂಡಿನೊಳಗೆ, ಕುಕ್ಕರಗಾಲಲ್ಲಿ ಕೂತು ಹೊಡೆಯಬೇಕು, ಇನ್ನೊಬ್ಬ ಮುಂದಿನಿಂದ ಜಗ್ಗಬೇಕು. ಬೇಸಿಗೆಯಲ್ಲಿ ಆ ಗೂಡಿನೊಳಗೆ ಕೂತವನಿಗೆ ಹೊರಗಿನ ರಾಯಚೂರು ತಂಪೆನಿಸುತ್ತಿತ್ತು ಎಂದರೆ ಲೆಕ್ಕ ಹಾಕಿ. ಹೊಸ ಕೊಳವೆ ಕೂರಿಸಿ, ಅದರ ಬಾಯೊಳಗೆ ಉರುಳೆಗಳ ಹತ್ಯಾರ ತಿರುಗಿಸಿ ಹಿಗ್ಗಿಸಬೇಕು. ಕಡಿಮೆ ಹಿಗ್ಗಿಸಿದರೆ ಸೋರುತ್ತದೆ, ಹೆಚ್ಚಾದರೆ ಕೊಳವೆ ಕೂರುವ ತಗಡೇ ಸೀಳುತ್ತದೆ. ಮಿಸ್ತ್ರಿಯ ಮಣಿಕಟ್ಟಿಗೆ ಆ ಅಳತೆ ಗೊತ್ತಿತ್ತು. ನಾನು ಹಿಗ್ಗಿಸಿದ ಕೆಲವು ಸೋರಿದವು. ಅವನು ತುಂಬ ದಿನ ನನ್ನನ್ನು ‘ಜರಡಿ ಕಾಕಾ’ ಎಂದು ಕರೆದ.

ಪಿಸ್ಟನ್ನುಗಳು ತುಕ್ಕಿಗೆ ಹಿಡಿದುಕೊಂಡಿದ್ದವು. ಸಿಲಿಂಡರಿಗೆ ಸೀಮೆಎಣ್ಣೆ, ಹರಳೆಣ್ಣೆ ಕೂಡಿಸಿ ಸುರಿದು ವಾರಗಟ್ಟಲೆ ಕಾದೆವು. ಒಂದು ದಿನ ಹಾರೆಗಳಿಂದ ಗಾಲಿಯನ್ನು ಮೀಟುತ್ತಿದ್ದಾಗ ಒಳಗೆಲ್ಲೋ ಟಕ್ಕೆಂದು ಸದ್ದಾಗಿ ಇಡೀ ಗಾಡಿ ಒಂದು ಗೇಣು ಜರುಗಿತು. ಚಾಚಾ ಹಾರೆ ಕೆಳಗಿಟ್ಟು, ಗಾಲಿಯ ಮೇಲೆ ಅಂಗೈಯಿಟ್ಟು ನಿಂತರು.

ಇಂಜೆಕ್ಟರುಗಳಿಗಾಗಿ ಪಟ್ಟ ಪಾಡು ಬೇರೆ. ಉರಿಯುವ ಬಾಯ್ಲರಿಗೆ ನೀರು ನುಗ್ಗಿಸುವ ಹಿತ್ತಾಳೆಯ ಸಾಧನ ಅದು. ಪಂಪಿಲ್ಲ, ಚಕ್ರವಿಲ್ಲ, ಉಗಿಯ ರಭಸದಿಂದಲೇ ತೊಟ್ಟಿಯ ನೀರನ್ನು ಒಳಗೆ ತಳ್ಳುತ್ತದೆ. ನಮ್ಮ ಇಂಜಿನ್ನಿನ ಎರಡೂ ಕಳುವಾಗಿದ್ದವು. ದೇವದುರ್ಗದ ಹತ್ತಿರ ಪಾಳುಬಿದ್ದ, ಹತ್ತಿ ಬಿಡಿಸುವ ಜಿನ್ನಿನಲ್ಲಿ ಒಂದು ಹಳೆಯ ಉಗಿಯಂತ್ರ ಇದೆಯೆಂದು ಮಿಸ್ತ್ರಿ ಸುದ್ದಿ ತಂದ. ಹೋದೆವು. ಜಾಲಿಕಂಟಿ ಕಡಿದು ಒಳನುಗ್ಗಿ, ಜಿನ್ನಿನವರನ್ನು ಒಪ್ಪಿಸಿ, ಜೋಡಿ ಇಂಜೆಕ್ಟರುಗಳನ್ನು ಬಿಚ್ಚಿದೆವು. ಒಂದು ಚಿನ್ನದಂತಿತ್ತು. ಇನ್ನೊಂದರ ಹೊಟ್ಟೆ ಉದ್ದಕ್ಕೆ ಸೀಳಿತ್ತು.

“ಒಂದ ಸಾಕ್ರಿ,” ಎಂದರು ಸಾವ್ಕಾರರು. “ಗೇಟಿನ ತನಕ ಹೋಗಾಕ ಎಷ್ಟ್ ನೀರು ಬೇಕು?”

“ಸಾಕಾಗಲ್ಲ,” ಎಂದರು ಚಾಚಾ. “ಒಂದು ಕೈಕೊಟ್ರ ಇನ್ನೊಂದು ಇರ್ಬೇಕು. ಎರಡಿಲ್ದಿದ್ರ ಶೆಡ್ಡಿಂದ ಗಾಡಿ ಹೊರಗ ಬಿಡ್ತಿದ್ದಿಲ್ಲ ನಮಗ.”

“ಆತು, ಇನ್ನೊಂದು ಹುಡುಕೂಣು. ಮುಂದಿನ ಬ್ಯಾಸಿಗಿಗಿ ಓಡ್ಸೂಣು. ಅವಸರ ಏನದ?” ಸಾವ್ಕಾರರು ನಗುತ್ತಲೇ ಚಾಚಾನ ಬಿಳಿಗಡ್ಡದ ಕಡೆ ನೋಡಿದರು. “ನಿಮಗೇನೂ ಅವಸರಿಲ್ಲಲ್ಲ, ಚಾಚಾ?”

ಎಷ್ಟು ಮೆತ್ತಗೆ ಕೇಳಿದರೆಂದರೆ ಅದು ಚುಚ್ಚಿದ್ದು ನನಗೆ ತಡವಾಗಿ ತಿಳಿಯಿತು. ಚಾಚಾ ತುಂಬ ಹೊತ್ತು ಆ ಸೀಳಿದ ಇಂಜೆಕ್ಟರನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅಂದರು: “ನಡೀತದ. ಒಂದ ಇರ್ಲಿ.”

ಬಾಯ್ಲರ್ ಇನ್‌ಸ್ಪೆಕ್ಟರು ಬಂದು ತಣ್ಣೀರಿನ ಒತ್ತಡದ ಪರೀಕ್ಷೆ ಮಾಡಿದರು. ಬಾಯ್ಲರನ್ನು ಬಾಯಿತನಕ ತುಂಬಿ, ಕೈಪಂಪಿನಿಂದ ಒತ್ತಿ, ಒಂದೊಂದು ರಿವೆಟ್ಟನ್ನೂ ಕಣ್ಣಿಟ್ಟು ನೋಡಿದರು. ಹನಿ ಸೋರಲಿಲ್ಲ. “ಉಗಿಯ ಪರೀಕ್ಷೆಗೆ ನಾನೇ ಬರ್ತೀನಿ. ಅಲ್ಲಿತನ ನೀವು ನೀವೇ ಬೆಂಕಿ ಹಾಕಿ ನೋಡ್ಕೊಳ್ರಿ, ಆದ್ರ ಮಂದಿ ಕೂಡಿಸಬ್ಯಾಡ್ರಿ,” ಎಂದು ಹೇಳಿ ಹೋದರು.

ಸಾವ್ಕಾರರು ಮಂದಿ ಕೂಡಿಸಿದರು. ಬೇಸಿಗೆ ಶಿಬಿರದ ಶಾಲೆ ಮಕ್ಕಳು ಬಣ್ಣದ ಕಾಗದದ ಬಾವುಟ ಹಿಡಿದು ಹಳಿಯ ಎರಡೂ ಬದಿಗೆ ನಿಂತರು. ದೊಡ್ಡವರಿಗೆ ಶಾಮಿಯಾನ, ಕುರ್ಚಿ, ಬರ್ಫ ಹಾಕಿದ ಶರಬತ್ತು.

ಬೆಳಕು ಹರಿಯುವ ಮೊದಲೇ ಜಾಲಿ ಕಟ್ಟಿಗೆಯಿಂದ ಬೆಂಕಿ ಹೊತ್ತಿಸಿ, ನಿಧಾನಕ್ಕೆ ಕಲ್ಲಿದ್ದಲು ಕೊಟ್ಟಿದ್ದೆವು. ಒತ್ತಡದ ಮಾಪಕದ ಮುಳ್ಳು ಮೇಲೇರುತ್ತ ಹೋಯಿತು. ಎಲ್ಲೆಡೆ ಕಬ್ಬಿಣ ಮೈಮುರಿಯುವ ಸದ್ದು. ಮಧ್ಯಾಹ್ನದ ಹೊತ್ತಿಗೆ ಉಗಿ ಸಾಕಷ್ಟಾಯಿತು. ಚಾಚಾ ಇಂಜೆಕ್ಟರ್ ತೆರೆದು ನೋಡಿದರು. ಒಳಗೆ ಸಣ್ಣಗೆ ಹಾಡಿದಂತೆ ಸದ್ದು ಮಾಡುತ್ತ ನೀರು ಹತ್ತಿತು. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಅರ್ಧಕ್ಕೆ ಬಂತು. “ಬಸ್. ನಮಾಜ್ ಮುಗಿಸಿ ಬರ್ತೀನಿ. ಬಂದು ಬಿಡೂಣು,” ಎಂದು ಕೈ ತೊಳೆದು ಹೋದರು.

ಆ ಸಮಯದಲ್ಲಿ ಮಿಸ್ತ್ರಿ ಒಂದು ಉಪಕಾರ ಮಾಡಿದ.

ಅಕ್ಕಿ ಗಿರಣಿಯವರಲ್ಲಿ ಬಾಯ್ಲರಿಗೆ ತಣ್ಣೀರು ಕುಡಿಸುವುದೆಂದರೆ ಬಾಣಂತಿಗೆ ತಣ್ಣೀರು ಎರೆದಂತೆ. ಮಿಕ್ಕ ಉಗಿಯನ್ನು ಪೈಪಿನಲ್ಲಿ ನೀರಿನ ತೊಟ್ಟಿಗೆ ಬಿಟ್ಟು, ಕಾಯಿಸಿಯೇ ಒಳಗೆ ಕೊಡುತ್ತಾರೆ. ಅಲ್ಲಿ ಪಂಪು ಇರುತ್ತದೆ, ಎಷ್ಟೇ ಬಿಸಿಯಿದ್ದರೂ ತಳ್ಳುತ್ತದೆ. ನಮ್ಮ ವಿದ್ಯುತ್ ಸ್ಥಾವರದಲ್ಲೂ ಅದೇ ಪದ್ಧತಿ, ಅದಕ್ಕೇ ಅವನು ಉಗಿಯ ನಲ್ಲಿಗೆ ರಬ್ಬರು ಪೈಪು ಕಟ್ಟಿ ತುದಿಯನ್ನು ಇಂಜಿನ್ನಿನ ತೊಟ್ಟಿಗೆ ಇಳಿಬಿಟ್ಟಾಗ ನನಗೂ ಅದು ಒಳ್ಳೆಯ ಕೆಲಸವೆಂದೇ ಕಂಡಿತು. ತೊಟ್ಟಿ ಗುಳುಗುಳು ಎನ್ನುತ್ತ ಕಾಯಿತು. ಬಾಯ್ಲರಿನ ನೀರು ಉಗಿಯಾಗಿ ಆ ಪೈಪಿನಲ್ಲಿ ಸದ್ದಿಲ್ಲದೆ ಇಳಿದುಹೋಗುತ್ತಿತ್ತು.

ಚಾಚಾ ಬಂದರು. ಬಿಳಿ ಜುಬ್ಬದ ಮೇಲೆ ಹಳೆಯ ನೀಲಿ ಕೋಟು ತೊಟ್ಟಿದ್ದರು. ಮಕ್ಕಳು ಹೋ ಎಂದವು. ಹತ್ತಿ ನಿಂತು ಮೊದಲು ಗಾಜಿನ ಕೊಳವೆ ನೋಡಿದರು. ನೀರು ತಳದ ನಟ್ಟಿಗೆ ಹತ್ತಿಕೊಂಡಿತ್ತು. ಇಂಜೆಕ್ಟರ್ ತೆರೆದರು. ಹಾಡಲಿಲ್ಲ. ಕೆಳಗಿನ ತೂಬಿನಿಂದ ಬರೀ ಉಗಿ ಉಗುಳಿತು. ಮುಚ್ಚಿ, ಮತ್ತೆ ತೆರೆದರು. ಮತ್ತೆ ಅದೇ. ಕೈ ಚಾಚಿ ತೊಟ್ಟಿಯ ಮೈ ಮುಟ್ಟಿದವರು ಸುಟ್ಟಂತೆ ಹಿಂದೆಗೆದರು.

“ಯಾರ್ ಕಾಸಿದ್ರಿದನ್ನ?”

“ನಾನ ಚಾಚಾ,” ಎಂದ ಮಿಸ್ತ್ರಿ, ಹೆಮ್ಮೆಯಿಂದ. “ತಣ್ಣೀರು ಕುಡ್ಸಿದ್ರ ನಿನ್ ರಾಣಿಗಿ ನೆಗಡಿ ಬರ್ತದಂತ.”

“ಅರೇ ಬಾಬಾ... ಇಂಜೆಕ್ಟರು ಬಿಸಿನೀರು ಮುಟ್ಟಂಗಿಲ್ಲೋ! ತಣ್ಣೀರು ಸಿಕ್ರ ಅಷ್ಟ ಅದು ಉಗಿನ ಹಿಡೀತದ. ಪೈಪ್ ಕೀಳು, ಕೀಳು! ತಣ್ಣೀರು ತರ್ರಿ!”

ನಾನು ನಲ್ಲಿಗೆ ಓಡಿದೆ. ಮೇ ತಿಂಗಳ ರಾಯಚೂರಿನಲ್ಲಿ ಮಾಳಿಗೆಯ ಟ್ಯಾಂಕಿನಿಂದ ಬರುವ ನೀರಿನಲ್ಲಿ ಕೈ ಇಡಲಾಗುವುದಿಲ್ಲ. ಬಕೆಟ್ಟು ತಂದು ಇಂಜೆಕ್ಟರಿನ ಮೇಲೆ ಸುರಿದರೆ ಅದು ಇನ್ನಷ್ಟು ಉಗುಳಿತು. ಮಿಸ್ತ್ರಿಯ ಮುಖ ಆಗಲೇ ಬಿಳಿಚಿತ್ತು. ಶಾಮಿಯಾನಕ್ಕೆ ನುಗ್ಗಿ ಶರಬತ್ತಿನ ಬರ್ಫದ ಗಡ್ಡೆ ಎತ್ತಿಕೊಂಡು ಬಂದ. ಗೋಣಿತಟ್ಟಿನಲ್ಲಿ ಸುತ್ತಿ ಇಂಜೆಕ್ಟರಿಗೆ ಕಟ್ಟಿದೆವು. ಒಳಗೆ ಒಮ್ಮೆ ಸಣ್ಣಗೆ ಹಾಡಿತು, ನಿಂತಿತು. ತೊಟ್ಟಿಯ ನೀರೇ ಕುದಿಯುವಾಗ ಬರ್ಫ ಏನು ಮಾಡೀತು?

ಗಾಜಿನಲ್ಲಿ ನೀರು ಕಾಣದಾಯಿತು.

ಅದರ ಅರ್ಥ ನಮ್ಮಂಥವರಿಗೆ ಬಿಡಿಸಿ ಹೇಳಬೇಕಿಲ್ಲ. ಫೈರ್‌ಬಾಕ್ಸಿನ ನೆತ್ತಿಯ ತಗಡಿನ ಮೇಲೆ ಸದಾ ನೀರು ನಿಂತಿರಬೇಕು. ಕೆಳಗೆ ಬೆಂಕಿ, ಮೇಲೆ ನೀರು. ನೀರು ಸರಿದರೆ ತಗಡು ಕೆಂಪಾಗಿ ಮೆತ್ತಗಾಗುತ್ತದೆ. ಮೆತ್ತಗಾದ ತಗಡು ಉಗಿಯ ಒತ್ತಡಕ್ಕೆ ಹರಿದರೆ ಇಂಜಿನ್ನು ಬಾಂಬು.

ಸಾವ್ಕಾರರು ಕೆಳಗಿನಿಂದ ಕೂಗಿದರು: “ಏನ್ರೀ ಅದು, ಬಕೆಟ್ ಆಟ? ಉಗಿ ಅದ ಅಲ್ರೀ! ಒಂದ್ ಸಲ ಗೇಟಿನ ತನಕ ಬಿಡ್ರಿ, ಆಮ್ಯಾಲ ಬೇಕಾದಷ್ಟು ನೀರು ಹೊಯ್ಕೋರ್ರಿ!”

ಚಾಚಾನ ಬಲಗೈ ರೆಗ್ಯುಲೇಟರ್ ಮೇಲಿತ್ತು. ಮುಳ್ಳು ಮೇಲೇ ನಿಂತಿತ್ತು. ಎಳೆದಿದ್ದರೆ ಗಾಡಿ ಹೋಗುತ್ತಿತ್ತು, ಅದರಲ್ಲಿ ಅನುಮಾನವಿಲ್ಲ. ಗೇಟು ಕಣ್ಣಳತೆಯಲ್ಲಿತ್ತು. ಅವರು ಆ ಕಡೆ ನೋಡಿದರು. ಹಳಿಯ ಬದಿಗೆ ಬಾವುಟ ಆಡಿಸುತ್ತಿದ್ದ ಮಕ್ಕಳನ್ನು ನೋಡಿದರು. ಹಿಡಿಕೆಯ ಮೇಲಿನ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

“ಬೆಂಕಿ ಕೆಡವ್ರಿ,” ಎಂದರು. “ಥರ್ಮಲ್ ಸಾಬ್, ಹುಡುಗ್ರನ್ನ ದೂರ ಓಡ್ಸು. ಮಿಸ್ತ್ರಿ, ಸಲಕಿ ಹಿಡಿ.”

ನಾನು ಕೆಳಗೆ ಹಾರಿ ಬೈದು, ತಳ್ಳಿ, ಮಕ್ಕಳನ್ನು ಶಾಮಿಯಾನದಾಚೆಗೆ ಅಟ್ಟಿದೆ. ಮೇಲೆ ಅವರಿಬ್ಬರೂ ಉರಿಯುವ ಕೆಂಡವನ್ನು ಬಾಗಿಲಿನಿಂದ ಗೋರಿ ಗೋರಿ ಹೊರಗೆ ಚೆಲ್ಲುತ್ತಿದ್ದರು. ಅರ್ಧ ಬೆಂಕಿ ಹೊರಬಿದ್ದಿತ್ತೇನೋ. ಅಂಥ ಸಮಯಕ್ಕೆಂದೇ ನೆತ್ತಿಯ ತಗಡಿನಲ್ಲಿ ಒಂದು ಸೀಸದ ಬಿರಡೆ ಇರುತ್ತದೆ, ತಗಡಿಗಿಂತ ಮೊದಲು ಅದು ಕರಗಿ ಉಗಿಯನ್ನು ಬೆಂಕಿಯ ಮೇಲೆ ಸುರಿಯಲೆಂದು. ಅದು ತನ್ನ ಕೆಲಸ ಮಾಡಿತು. ಭೋರೆಂದು ಬಾಗಿಲಿನಿಂದ ಬೂದಿ, ಉಗಿ, ಕಿಡಿ ಹೊರನುಗ್ಗಿದವು. ಸಲಿಕೆ ಒಳಗೆ ಚಾಚಿದ್ದವನು ಮಿಸ್ತ್ರಿ.

ಚಾಚಾ ಅವನ ಸೊಂಟ ಹಿಡಿದು ಹಿಂದಕ್ಕೆ ಎಳೆದರು. ಇಬ್ಬರೂ ಕೆಳಗೆ ಬಿದ್ದರು. ಮಿಸ್ತ್ರಿಯ ಬಲಗೈಯ ಚರ್ಮ ಮೊಣಕೈಯಿಂದ ಬೆರಳಿನತನಕ ಒದ್ದೆ ಬಟ್ಟೆಯಂತೆ ಜೋತಿತ್ತು. ಅವನು ಆ ಕೈಯನ್ನು ಯಾರದೋ ಎಂಬಂತೆ ನೋಡುತ್ತಿದ್ದ.

ಆಸ್ಪತ್ರೆಯಲ್ಲಿ ಅವನಿಗೆ ಮಾತು ಮರಳಿದಾಗ ಮೊದಲು ಆಡಿದ್ದು ಇದು: “ಭತ್ತ ಕುದಿಸಿ ಕುದಿಸಿ ಕಡೀಕ ನಾನ ಕುದ್ದೆ ನೋಡ್ರಿ ಚಾಚಾ. ಇನ್ ಬಿಸಿಲಿಗಿ ಒಣಗ್ಸಿ ಗಿರಣಿಗಿ ಹಾಕೂದೊಂದು ಬಾಕಿ ಅದ.”

“ನಮಾಜಿಗಿ ಹೋಗೂ ಮುಂದ ಒಂದ್ ಮಾತು ಹೇಳಿ ಹೋಗ್ಬೇಕಿತ್ತು ಬೇಟಾ.”

“ಹೇಳಿದ್ರ ಕೇಳ್ತಿದ್ನೇನು ನಾ? ‘ಓಡ್ಸಲಾರದ ಡ್ರೈವರ್ ಹೇಳಾಕ ಬಂದಾನ’ ಅಂತಿದ್ದೆ.” ನಕ್ಕ. ನಗು ಅರ್ಧಕ್ಕೆ ನರಳಾಟವಾಯಿತು.

ಹೊರಗೆ ವರಾಂಡದಲ್ಲಿ ಸಾವ್ಕಾರರು ಕಾದಿದ್ದರು. “ಮಂದಿ ಮುಂದ ನನ್ ಮಾರಿ ಹಾಳಾತು,” ಎಂದರು ಚಾಚಾನಿಗೆ. “ಒಂದ್ ಸಲ ಎಳದಿದ್ರ ಏನಾಗ್ತಿತ್ತು? ಜನ್ಮದಾಗ ಗಾಡಿ ಬಿಟ್ಟವರಲ್ಲ ನೀವು. ಧೈರ್ಯ ಎಲ್ಲಿಂದ ಬರ್ಬೇಕು!”

ಚಾಚಾನ ಬದಲು ನಾನೇ ಅಂದೆ: “ಎಳದಿದ್ರ, ಸಾವ್ಕಾರ್ರ, ಆ ಮಂದಿಗಿ ಮಾರಿನ ಉಳೀತಿದ್ದಿಲ್ಲ.”

ಇನ್‌ಸ್ಪೆಕ್ಟರು ಮತ್ತೆ ಬಂದರು. ತಣ್ಣಗಾದ ಫೈರ್‌ಬಾಕ್ಸಿನೊಳಗೆ ಟಾರ್ಚು ಹಿಡಿದು ತೂರಿದರು. ನೆತ್ತಿಯ ತಗಡು ನೆನೆದ ರೊಟ್ಟಿಯಂತೆ ನಡುವೆ ಜೋತಿತ್ತು. ಸುತ್ತಿಗೆಯಿಂದ ತಟ್ಟಿದರು, ಹಿಂದೆ ಘಂಟೆಯಂತಿದ್ದ ನಾದ ಈಗ ಹಸಿಮಣ್ಣಿನ ಸದ್ದು. “ಇದು ಇನ್ ಮುಂದ ಉಗಿ ಕಾಣಂಗಿಲ್ಲ,” ಎಂದರು. ಹೊಸ ಫೈರ್‌ಬಾಕ್ಸ್ ಕಟ್ಟಿಕೊಡುವವರು ನಮಗೆ ತಿಳಿದ ಮಟ್ಟಿಗೆ ಈ ಸೀಮೆಯಲ್ಲಿ ಇರಲಿಲ್ಲ.

ನಾನು ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಸಾವ್ಕಾರರು ಹಾಗೆಂದುಕೊಳ್ಳಲಿಲ್ಲ.

ಉದ್ಘಾಟನೆಯ ದಿನ ಗೊತ್ತಾಯಿತು. ಇಂಜಿನ್ನಿಗೆ ಕರಿಬಣ್ಣ, ಕೆಂಪು ಪಟ್ಟಿ ಬಳಿಸಿದರು. ರೆಗ್ಯುಲೇಟರನ್ನು ಯಾರೂ ಆಡಿಸದಂತೆ ಬೆಸುಗೆ ಹಾಕಿಸಿದರು. ಚಿಮಣಿಯ ಬುಡದಲ್ಲಿ ಭತ್ತದ ಹೊಟ್ಟು, ಹಸಿ ಗೋಣಿ ಹೊಗೆಯಾಡಿಸುವುದು. ಸ್ಪೀಕರಿನಲ್ಲಿ ಸೀಟಿಯ ಸದ್ದು ಹಾಕುವುದು. ಮುಂದೆ ಸರಪಳಿ ಕಟ್ಟಿ ಗಿರಣಿಯ ಟ್ರ್ಯಾಕ್ಟರಿನಿಂದ ಗೇಟಿನತನಕ ಎಳೆಯುವುದು. ಡ್ರೈವರನ ಜಾಗದಲ್ಲಿ ಚಾಚಾ.

“ಮಾತು ಕೊಟ್ಟಿದ್ನಲ್ಲ, ಮೊದಲ್ನೇ ಕೈ ನಿಮ್ದಂತ,” ಎಂದರು ಚಾಚಾನ ಮನೆಗೇ ಹೋಗಿ. “ಕುಂತು ಕೈ ಬೀಸ್ರಿ, ಅಷ್ಟ.”

ಬರಲಾರರು ಎಂದು ನಾನು ನಂಬಿದ್ದೆ. ಬಂದರು. ಅದೇ ನೀಲಿ ಕೋಟು. ಸಾವ್ಕಾರರು ತಲೆಗೆ ಹೊಸ ಟೋಪಿ ಇಟ್ಟರು. ಮಿಸ್ತ್ರಿಯೂ ಕೊರಳಿಗೆ ಕೈ ಕಟ್ಟಿಕೊಂಡು ಬಂದು ನನ್ನ ಪಕ್ಕ ನಿಂತ. “ಕಾಕಾ, ಹೆಣಕ್ಕ ಮುತ್ತೈದಿ ಸಿಂಗಾರ ಮಾಡ್ಯಾರ,” ಎಂದ ಕಿವಿಯಲ್ಲಿ.

ಸ್ಪೀಕರು ಕೂಗಿತು. ಹೊಟ್ಟಿನ ಹೊಗೆ ಎದ್ದಿತು. ಟ್ರ್ಯಾಕ್ಟರು ಜಗ್ಗಿದಾಗ ಸರಪಳಿ ಬಿಗಿಯಾಗಿ ಇಂಜಿನ್ನು ಉರುಳತೊಡಗಿತು. ಎಷ್ಟು ಹಗುರವಾಗಿ ಉರುಳಿತೆಂದರೆ, ಆ ಗಾಲಿಗಳಿಗೆ ಎಣ್ಣೆ ಕೊಟ್ಟ ನಮ್ಮ ಕೈಗಳಿಗೇ ನಾಚಿಕೆಯಾಯಿತು. ಜನ ಚಪ್ಪಾಳೆ ತಟ್ಟಿದರು. ಫೋನುಗಳು ಮೇಲೆದ್ದವು. ಚಾಚಾ ಕೈ ಬೀಸಲಿಲ್ಲ. ಬೆಸುಗೆ ಬಿದ್ದ ಹಿಡಿಕೆಯನ್ನು ಮುಟ್ಟಲೂ ಇಲ್ಲ. ಕಿಟಕಿಯಿಂದ ತಲೆ ಹೊರಹಾಕಿ ಮುಂದಿನ ಹಳಿಯನ್ನು ನೋಡಿದರು, ಹಿಂದೆ ನೋಡಿದರು. ಡ್ರೈವರುಗಳು ನೋಡುವುದು ಹಾಗೆಯೇ. ಆಮೇಲೆ ಮೂಲೆಯಲ್ಲಿದ್ದ ಕೈಬ್ರೇಕಿನ ಚಕ್ರಕ್ಕೆ ಎರಡೂ ಕೈ ಹಾಕಿ ತಿರುಗಿಸತೊಡಗಿದರು.

ಕೈಬ್ರೇಕಿಗೆ ಉಗಿ ಬೇಡ. ಕಬ್ಬಿಣದ ಬ್ರೇಕ್ ತುಂಡುಗಳು ಗಾಲಿಯನ್ನು ಕಚ್ಚಿದವು. ಇಂಜಿನ್ನು ಕಿರ್ರೆಂದು ನಿಂತಿತು. ಟ್ರ್ಯಾಕ್ಟರಿನ ದೊಡ್ಡ ಗಾಲಿಗಳು ಮಣ್ಣು ಕೆದರಿ, ಮೂತಿ ಎದ್ದು, ಟ್ರ್ಯಾಕ್ಟರೇ ಬಂದಾಯಿತು. ಸ್ಪೀಕರಿನ ಸೀಟಿ ಮಾತ್ರ ತನ್ನಷ್ಟಕ್ಕೆ ಕೂಗುತ್ತಲೇ ಇತ್ತು. ಜನ ಗೊಳ್ಳೆಂದು ನಕ್ಕರು.

ಸಾವ್ಕಾರರು ಓಡಿಬಂದರು. “ಏನ್ ಮಾಡಾಕತ್ತೀರಿ ಚಾಚಾ? ತಲಿ ಕೆಟ್ಟದೇನು? ಬ್ರೇಕ್ ಬಿಡ್ರಿ!”

“ಗಾಡಿ ನಿಂತದ, ಸಾವ್ಕಾರ್ರ,” ಎಂದರು ಚಾಚಾ. “ಡ್ರೈವರ್ ನಿಲ್ಸ್ಯಾನ.”

ಟೋಪಿ ತೆಗೆದು ಸೀಟಿನ ಮೇಲಿಟ್ಟು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಜನರ ನಡುವೆಯೇ ನಡೆದು ಗೇಟು ದಾಟಿದರು. ಯಾರೋ ಹಿಂದಿನಿಂದ “ಡ್ರೈವರ್ ಸಾಬ್, ಸೀಟಿ ಹೊಡೀರಿ!” ಎಂದು ಕೂಗಿದ. ಅವರು ತಿರುಗಲಿಲ್ಲ.

“ಥರ್ಮಲ್‌ನವ್ರ, ನೀವು ಹತ್ರಿ,” ಎಂದರು ಸಾವ್ಕಾರರು ಬೆವರೊರೆಸಿಕೊಳ್ಳುತ್ತ. “ಆ ಟೋಪಿ ಹಾಕ್ಕೊಂಡು ಕುಂದರ್ರಿ. ಮೊದ್ಲಿಂದ ಮಾಡೂಣು.”

ಹತ್ತಿದೆ. ಚಕ್ರಕ್ಕೆ ಕೈ ಹಾಕಿದೆ. ನಾವೇ ಎಣ್ಣೆ ಹಚ್ಚಿ ಸಡಿಲಿಸಿದ್ದು. ಒಂದೇ ಕೈಗೆ ತಿರುಗಲು ಸಿದ್ಧವಾಗಿತ್ತು. ಹಲ್ಲು ಕಚ್ಚಿ ಜಗ್ಗಿದಂತೆ ಭುಜ ಕುಣಿಸಿ, ಕಿಟಕಿಯಿಂದ ಕೂಗಿದೆ:

“ಹಿಡ್ಕೊಂಡದ ಸಾವ್ಕಾರ್ರ! ಬರಂಗಿಲ್ಲ!”

“ನೀ ಹೋಗಿ ನೋಡಲೇ,” ಎಂದರು ಅವರು ಮಿಸ್ತ್ರಿಗೆ. ಅವನು ಮೇಲೆ ಹತ್ತಿ ಬಂದು, ಗಟ್ಟಿ ಉಳಿದ ಎಡಗೈಯಿಂದ ಚಕ್ರವನ್ನು ಮುಟ್ಟಿದ. ಅದು ಬೆರಳಿನ ಒತ್ತಿಗೇ ಅಲುಗಿತು. ನನ್ನ ಮುಖ ನೋಡಿದ. ಆಮೇಲೆ ಅದನ್ನು ಬಿಗಿಯಾಗುವ ಕಡೆಗೆ ಇನ್ನೂ ಒಂದು ಸುತ್ತು ಒತ್ತಿ ತಿರುಗಿಸಿದ.

“ಹೌದ್ರೀ,” ಎಂದು ಕೆಳಗೆ ಕೂಗಿದ. “ಈ ಜನ್ಮದಾಗ ಬಿಡಂಗಿಲ್ಲ.”